ಒಗೆಯುವ ಕಲ್ಲಿನ ಹತ್ತಿರ ಲಿನಕ್ಸ್

ಟೀಚರ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟದ್ದು ನಾನೇ. ಅವರು ಕೇಳಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ಮೂರು ವಾರ ನಾನು ಪಟ್ಟ ಪಾಡನ್ನು ಓದುತ್ತಾ ಹೋದರೆ ನಿಮಗೆ ನನ್ನ ಮೇಲೆ ಕನಿಕರ ಹುಟ್ಟೀತು.

ಟೀಚರ್ ಅಂದರೆ ಮೂರರಿಂದ ಐದನೆಯ ತರಗತಿಯವರೆಗೆ ನನಗೆ ಕನ್ನಡ ಕಲಿಸಿದವರು. ಜಾಲ್ಸೂರಿನ ಹತ್ತಿರದ ಒಂದು ಶಾಲೆ. ನಮ್ಮ ಮನೆಯಲ್ಲಿ ಅರೆಭಾಷೆ, ಅವರ ಮನೆಯಲ್ಲಿ ಬ್ಯಾರಿ, ಆಟದ ಬಯಲಿನಲ್ಲಿ ತುಳು, ರಸ್ತೆಯಲ್ಲಿ ಹೋಗುವ ಬಸ್ಸುಗಳಲ್ಲಿ ಮುಕ್ಕಾಲು ಪಾಲು ಮಲಯಾಳಂ. ಇಷ್ಟರ ನಡುವೆ ತರಗತಿಯ ಹೊಸ್ತಿಲು ದಾಟಿದ ಮೇಲೆ ಕನ್ನಡ ಬಿಟ್ಟು ಬೇರೆ ಮಾತು ಕೂಡದು ಎಂಬುದು ಅವರ ಕಾಯಿದೆ. ಪ್ರತಿ ಜೂನ್ ತಿಂಗಳಲ್ಲಿ ಕೊಡೆ ಹಿಡಿದುಕೊಂಡು ಮನೆಮನೆಗೆ ಹೋಗಿ, ಗಡಿಯಾಚೆಯ ಮಲಯಾಳಂ ಶಾಲೆಗೆ ಹೊರಟ ಮಕ್ಕಳನ್ನು ಕನ್ನಡ ಶಾಲೆಗೆ ಕರೆತರುತ್ತಿದ್ದವರು. ನಿವೃತ್ತಿಯ ಮೇಲೆ ಕಡಬದಿಂದ ಒಂದಿಷ್ಟು ಒಳಗೆ, ತಮ್ಮನ ಸಂಸಾರದ ಜೊತೆ ಇದ್ದಾರೆ. ಆದರೆ ಕಲಿಸುವ ಚಟ ನಿವೃತ್ತಿಯಾಗಲಿಲ್ಲ. ಪ್ರತಿ ಶನಿವಾರ ಅಸರ್ ನಮಾಜು ಮುಗಿಸಿ, ಐದು ಗಂಟೆಗೆ ಲ್ಯಾಪ್‌ಟಾಪಿನ ಎದುರು ಕೂತು ಗಲ್ಫಿನಲ್ಲಿರುವ ಆರು ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಎಲ್ಲ ನಮ್ಮದೇ ಶಾಲೆಯಲ್ಲಿ ಕಲಿತವರ ಮಕ್ಕಳು. ಅದರಲ್ಲಿ ಒಬ್ಬಳ ಅಪ್ಪ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು.

ನನಗೆ ಪುತ್ತೂರಿನಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ. ಜೊತೆಗೆ ಲಿನಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ಬಿಟ್ಟಿ ತಂತ್ರಾಂಶದ ಹುಚ್ಚು. ಈ ಹುಚ್ಚು ಹಿಡಿದವರ ಎದುರು ಯಾರೂ ತಮ್ಮ ಕಂಪ್ಯೂಟರ್ ನಿಧಾನ ಎಂದು ಹೇಳಬಾರದು. ಟೀಚರ್ ಹೇಳಿದರು. ಅವರ ತಮ್ಮನ ಮಗ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್, ತೆರೆದುಕೊಳ್ಳಲು ಒಂದು ಚಾ ಕುಡಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ನಾನು ಅರ್ಧ ದಿನ ಇಟ್ಟುಕೊಂಡು ಲಿನಕ್ಸ್ ಹಾಕಿ, ಕನ್ನಡ ಕೀಲಿಮಣೆ ಕೂರಿಸಿ, ಧೂಳು ತಾಗಿಸಬೇಡಿ ಎಂಬ ಉಪದೇಶವನ್ನೂ ಸೇರಿಸಿ ಕೊಟ್ಟೆ. ನಾಲ್ಕು ತಿಂಗಳು ಏನೂ ತಕರಾರಿಲ್ಲದೆ ನಡೆಯಿತು. ಅಷ್ಟೂ ದಿನ ನಾನು ಅಂಗಡಿಗೆ ಬಂದವರಿಗೆಲ್ಲ ಟೀಚರ ಕತೆ ಹೇಳಿಕೊಂಡು ಮೀಸೆ ತಿರುವಿದ್ದೇ ತಿರುವಿದ್ದು.

ಒಂದು ಬುಧವಾರ ಅವರ ಫೋನ್ ಬಂತು.

"ನೆಟ್ ಇಲ್ಲ ಮಾರಾಯ."

"ರೇಂಜ್ ಉಂಟಾ ಟೀಚರ್?"

"ಉಂಟಲ್ಲ. ಇಲ್ಲದಿದ್ರೆ ನಾನು ಹೇಳುದು ನಿನಗೆ ಹೇಗೆ ಕೇಳಿಸ್ತದೆ?"

ನಾನು ಕೇಳಿದ್ದು ಲ್ಯಾಪ್‌ಟಾಪಿನ ವೈಫೈ, ಅವರು ಹೇಳಿದ್ದು ಕೈಯಲ್ಲಿದ್ದ ಫೋನು. ನಮ್ಮ ಕಡೆ ಎರಡಕ್ಕೂ ರೇಂಜ್ ಎಂಬುದೊಂದೇ ಮಾತು. ಹೀಗಾಗಿ ವೈಫೈ ಸರಿಯಾಗಿದೆ ಎಂದುಕೊಂಡು ನಾನು ಅರ್ಧ ಗಂಟೆ ಬೇರೆಲ್ಲೆಲ್ಲೋ ಹುಡುಕಿಸಿದೆ. ಇಡೀ ಮನೆಯಲ್ಲಿ ಫೋನಿಗೆ ರೇಂಜ್ ಸಿಗುವುದು ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾತ್ರ ಎಂದು ಆಮೇಲೆ ಗೊತ್ತಾಯಿತು. ಲ್ಯಾಪ್‌ಟಾಪ್ ಇರುವುದು ಚಾವಡಿಯಲ್ಲಿ. ಅಂದರೆ ನಾನು ಕಲ್ಲಿನ ಹತ್ತಿರ ನಿಂತವರಿಗೆ ಏನು ಒತ್ತಬೇಕು ಎಂದು ಹೇಳಬೇಕು. ಅವರು ಅಡಿಗೆಮನೆ ದಾಟಿ ಚಾವಡಿಗೆ ಹೋಗಿ ಒತ್ತಬೇಕು, ಬಂದದ್ದನ್ನು ಓದಬೇಕು, ಮತ್ತೆ ಕಲ್ಲಿನ ಹತ್ತಿರ ಬಂದು ನನಗೆ ವರದಿ ಕೊಡಬೇಕು. ಮನೆಯ ಎರಡು ಸ್ಮಾರ್ಟ್‌ಫೋನುಗಳು ಬೆಳಿಗ್ಗೆಯೇ ತಮ್ಮನ ಮತ್ತು ಅವನ ಮಗನ ಜೊತೆ ಕಡಬದ ಸಿಮೆಂಟಿನ ಅಂಗಡಿಗೆ ಹೋಗಿಬಿಡುತ್ತವೆ. ಟೀಚರದ್ದು ಬಟನ್ ಫೋನು. ಮಾತಾಡಲಿಕ್ಕೆ ಅಷ್ಟೇ ಸಾಕು ಎಂಬುದು ಅವರ ಪಟ್ಟು.

ವೈಫೈ ಬಿಟ್ಟು ನೆಟ್ಟಿನ ಡಬ್ಬಿಯಿಂದ ನೇರ ವಯರು ಚುಚ್ಚಿದರಾಯಿತಲ್ಲ ಎಂದೆ. ಲ್ಯಾಪ್‌ಟಾಪಿನ ವಯರಿನ ತೂತಿನಲ್ಲಿ ಯಾವುದೋ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿದೆಯಂತೆ. ಹಾಗಾಗಿ ವೈಫೈಯೇ ಗತಿ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿಸಿದೆ. ಎರಡು ಪದ ಟೈಪ್ ಮಾಡಿದರೆ ವೈಫೈ ಯಾಕೆ ನಿಂತಿದೆ ಎಂದು ಯಂತ್ರವೇ ಮೂರು ಸಾಲು ಹೇಳುತ್ತದೆ. ಟೀಚರ್ ಹೋದರು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದರು, ಏನೋ ಓದಿ ಹೇಳತೊಡಗಿದರು. ಅಷ್ಟರಲ್ಲಿ ಅಂಗಡಿಯಲ್ಲಿ ಆಧಾರ್ ಪ್ರತಿ ಬೇಕೆಂದು ಮೂರು ಜನ ನಿಂತಿದ್ದರು, ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತ್ತು. "ಸರಿ ಸರಿ ಟೀಚರ್, ಅಪ್‌ಡೇಟ್ ಮಾಡಿದ್ರೆ ಎಲ್ಲ ಸರಿಯಾಗ್ತದೆ" ಎಂದು ಹೇಳಿ ಫೋನ್ ಇಟ್ಟೆ.

ಎರಡು ದಿನ ಬಿಟ್ಟು ಅಪ್‌ಡೇಟಿನ ಪಾಠ ಶುರುವಾಯಿತು. ಎಲ್ಲಿಂದಾದರೂ ನೆಟ್ ಸಿಗುವ ಮೊದಲು ಒಂದೆರಡು ಸಿದ್ಧತೆ ಮಾಡಿಸೋಣ ಎಂದು ನನ್ನ ಎಣಿಕೆ. ಟೀಚರ್ ಅದೇ ನೋಟ್‌ಬುಕ್ಕು, ಪೆನ್ಸಿಲು ಹಿಡಿದು ಕಲ್ಲಿನ ಮೇಲೆ ಕೂತರು. ನಾನು ಉಕ್ತಲೇಖನ ಕೊಡತೊಡಗಿದೆ. ಶಾಲೆಯಲ್ಲಿ ಉಕ್ತಲೇಖನದ ವಾಕ್ಯವನ್ನು ಅವರು ಎರಡೇ ಸಲ ಓದುತ್ತಿದ್ದರು, ಮೂರನೆಯ ಸಲ ಕೇಳಿದವನು ನಿಂತುಕೊಂಡೇ ಬರೆಯಬೇಕಿತ್ತು. ಈಗ ನಾನು ಏಳು ಸಲ ಹೇಳಿದೆ. ಮೊದಲ ಪದ ಸುಡೊ, ಯಜಮಾನನ ಅಧಿಕಾರದಲ್ಲಿ ಕೆಲಸ ಮಾಡಿಸುವ ಆಜ್ಞೆ. ಅವರು ಅದನ್ನು ಕನ್ನಡದಲ್ಲಿ 'ಸೂಡೋ' ಎಂದು ಬರೆದುಕೊಂಡು, ಚಾವಡಿಗೆ ಹೋಗಿ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಊ ಸ್ವರಕ್ಕೆ ಎರಡು ಓ ಹಾಕಿ ಒತ್ತಿದರು.

ಬಂದು ಹೇಳಿದರು, "ಆಜ್ಞೆ ಸಿಗಲಿಲ್ಲವಂತೆ."

"ಎಂತ ಟೀಚರ್?"

"ಆಜ್ಞೆ ಸಿಗಲಿಲ್ಲ ಅಂತ ಹೇಳ್ತದೆ. ಯಾರ ಆಜ್ಞೆ ಮಾರಾಯ? ನಿಂದಾ, ನಂದಾ?"

ಇದು ನನ್ನ ಪ್ರಾಣ ತಿಂದ ಸಂಗತಿ. ಯಂತ್ರ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲೇ ಓದಿ ಎಂದು ನಾನು ಕಾಲಿಗೆ ಬೀಳುವುದೊಂದು ಬಾಕಿ. ಅವರು ಕೇಳಲಿಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿ ದಪ್ಪದ ನಿಘಂಟು ಇಟ್ಟುಕೊಂಡು, ಒಂದೊಂದು ಪದದ ಅರ್ಥ ಹುಡುಕಿ, ಅಚ್ಚ ಕನ್ನಡದ ವಾಕ್ಯ ಮಾಡಿ, ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದುಕೊಂಡು ಬರುತ್ತಿದ್ದರು. ನಾನು ಪುತ್ತೂರಿನಲ್ಲಿ ಕೂತು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಇಳಿಸಿ, ಮೂಲ ಯಾವುದಿರಬಹುದು ಎಂದು ತಲೆ ಕೆರೆದುಕೊಳ್ಳಬೇಕು.

"ಅಕ್ಷರ ನೋಡಿ ಹಾಗೆಯೇ ಹೇಳಿ ಟೀಚರ್, ಅರ್ಥ ಬೇಡ."

"ಅರ್ಥ ಇಲ್ಲದ್ದನ್ನು ತಲೆಯಲ್ಲಿ ಹೊತ್ತುಕೊಂಡು ಅಡಿಗೆಮನೆ ದಾಟುದು ಹೇಗೆ? ದಾರಿಯಲ್ಲಿ ಚೆಲ್ಲಿ ಹೋಗ್ತದೆ."

ಪಾಸ್‌ವರ್ಡಿನ ಹತ್ತಿರ ಮತ್ತೊಂದು ರಾಮಾಯಣ. ಲಿನಕ್ಸಿನಲ್ಲಿ ಅಲ್ಲಿ ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಚುಕ್ಕಿ ಕೂಡ ಮೂಡುವುದಿಲ್ಲ. "ನಾನು ಒತ್ತುದು ಅದಕ್ಕೆ ಗೊತ್ತೇ ಆಗುದಿಲ್ಲ" ಎಂದರು. ಗೊತ್ತಾಗುತ್ತದೆ ಎಂದೆ. ಗೊತ್ತಾದರೆ ತೋರಿಸಬೇಕಲ್ಲ ಎಂದರು. ಮೂರು ಸಲ ತಪ್ಪೆಂದು ಬಂದ ಮೇಲೆ ನನಗೆ ಹೊಳೆಯಿತು. ಶನಿವಾರದ ಪಾಠಕ್ಕೆ ಅಭ್ಯಾಸ ಮಾಡಲು ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಇಟ್ಟಿದ್ದರು. ಕಾಣದ ಪಾಸ್‌ವರ್ಡನ್ನು ಅವರು ಕಾಣದ ಕನ್ನಡದಲ್ಲಿ ಒತ್ತುತ್ತಿದ್ದರು. ಆ ದಿನ ಮನೆಗೆ ಹೋಗಿ ಹೆಂಡತಿಯ ಜೊತೆ ಸುಮ್ಮನೆ ಜಗಳ ಮಾಡಿದೆ.

ಶನಿವಾರ ಬಂತು. ತಮ್ಮನ ಫೋನನ್ನು ಮನೆಯಲ್ಲೇ ಇರಿಸಿಕೊಂಡು, ಕಲ್ಲಿನ ಹತ್ತಿರ ಕೂತು ಅದರಲ್ಲಿ ತರಗತಿ ಮಾಡಿ ನೋಡಿದರು. ಅಂಗೈಯಗಲದ ಪರದೆಯಲ್ಲಿ ಆರು ಮುಖಗಳು. ಮಕ್ಕಳು ಬರೆದು ತೋರಿಸಿದ ಅಕ್ಷರಕ್ಕೆ ಒತ್ತು ಇದೆಯೋ ಇಲ್ಲವೋ ಟೀಚರಿಗೆ ಕಾಣಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಸಿಮೆಂಟು ಬಂತಾ ಎಂದು ಕೇಳಿ ಗಿರಾಕಿಗಳ ಕರೆ. ಅರ್ಧ ಗಂಟೆಗೆ ನಿಲ್ಲಿಸಿಬಿಟ್ಟರು.

ಮರುದಿನ ಭಾನುವಾರ, ತಮ್ಮ ಮನೆಯಲ್ಲಿದ್ದ. ಅವನ ಫೋನಿನ ನೆಟ್ಟನ್ನು ಯುಎಸ್‌ಬಿ ವಯರಿನಲ್ಲಿ ಲ್ಯಾಪ್‌ಟಾಪಿಗೆ ಕೊಟ್ಟು ಅಪ್‌ಡೇಟ್ ಮಾಡಿಸುವುದೆಂದು ನಾನು ತೀರ್ಮಾನಿಸಿದೆ. ಮನೆಯ ನೆಟ್ಟು ಬಿಟ್ಟು ಫೋನಿನದ್ದೇ ಯಾಕೆ, ರೇಂಜಿಗಾಗಿ ಕಲ್ಲಿನ ಹತ್ತಿರವೇ ಯಾಕೆ ಎಂದು ಈಗ ಕೇಳಬೇಡಿ. ವಯರು ಕಟ್ಟಿದ ಫೋನು ಚಾವಡಿಯಲ್ಲಿ ಮನೆಯ ವೈಫೈಯನ್ನೇ ಹಿಡಿದು ಲ್ಯಾಪ್‌ಟಾಪಿಗೆ ಕೊಡಬಲ್ಲದು ಎಂಬುದು ಆ ಹೊತ್ತಿಗೆ ನನ್ನ ತಲೆಗೆ ಹೋಗಲೇ ಇಲ್ಲ. ಒಗೆಯುವ ಕಲ್ಲಿನ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕ ಫೋನು, ಬ್ಯಾಟರಿ ಸತ್ತ ಲ್ಯಾಪ್‌ಟಾಪಾದ್ದರಿಂದ ಅಡಿಗೆಮನೆಯ ಕಿಟಕಿಯಿಂದ ಎಳೆದ ಕರೆಂಟಿನ ವಯರು. ಅಪ್‌ಡೇಟ್ ಶುರುವಾಯಿತು. ಮುಗಿಯುವವರೆಗೆ ಯಾರೂ ಮುಟ್ಟಬಾರದು, ಭೂಮಿ ಬಿರಿದರೂ ಬಂದ್ ಮಾಡಬಾರದು ಎಂದು ಮೂರು ಸಲ ಹೇಳಿದ್ದೆ.

ಮಧ್ಯಾಹ್ನ ದಾಟಿದ ಮೇಲೆ ಸುಬ್ರಹ್ಮಣ್ಯದ ಘಟ್ಟದ ಕಡೆಯಿಂದ ಗುಡುಗಿತು.

ನಮ್ಮ ಸೀಮೆಯಲ್ಲಿ ಗುಡುಗು ಕೇಳಿದರೆ ಏನಾಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಟಿವಿಯ ಪ್ಲಗ್ಗು, ಫ್ರಿಜ್ಜಿನ ಪ್ಲಗ್ಗು, ನೆಟ್ಟಿನ ಡಬ್ಬಿಯ ವಯರು ಎಲ್ಲ ಕಿತ್ತು ಹಾಕುತ್ತಾರೆ. ಪ್ರತಿ ವರ್ಷ ಸಿಡಿಲಿಗೆ ಏನಾದರೊಂದು ಸುಟ್ಟುಕೊಂಡವರೇ ಎಲ್ಲ. ಟೀಚರ್ ಪ್ಲಗ್ಗು ಎಳೆದರು. ಆಮೇಲೆ ನಿಧಾನವಾಗಿ ಫೋನ್ ಮಾಡಿ ತಿಳಿಸಿದರು.

"ಎಷ್ಟು ಆಗಿತ್ತು ಟೀಚರ್?"

"ಮುಕ್ಕಾಲು ಆಗಿತ್ತು ಕಾಣ್ತದೆ. ಉಳಿದದ್ದು ನಾಳೆ ಮಾಡುವ."

ನಾನು ಕಿರುಚಿದೆ. ನನ್ನ ಟೀಚರ ಮೇಲೆ, ಐವತ್ತರ ಹತ್ತಿರ ಬಂದ ನಾನು, ಅಂಗಡಿಯೆದುರಿನ ಬಸ್‌ಸ್ಟಾಂಡಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಂತೆ ಕಿರುಚಿದೆ. ಮುಟ್ಟಬೇಡಿ ಅಂದರೆ ಮುಟ್ಟಬಾರದು ಎಂಬಷ್ಟು ಕನ್ನಡವೂ ಅರ್ಥವಾಗುವುದಿಲ್ಲವೇ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಹೌದು.

ಆ ಕಡೆ ಮಳೆ ಸುರಿಯುತ್ತಿತ್ತು. ಟೀಚರ್, "ಸಿಡಿಲಿಗೆ ನಿನ್ನ ಅಪ್‌ಡೇಟ್ ಗೊತ್ತುಂಟಾ?" ಎಂದರು.

ಅಲ್ಲಿಂದ ಮುಂದೆ ಲ್ಯಾಪ್‌ಟಾಪ್ ಅರ್ಧ ಕಪ್ಪು ಪರದೆ ತೋರಿಸಿ ನಿಲ್ಲತೊಡಗಿತು. ದಿನಕ್ಕೊಂದು ವರದಿ. "ಮುರಿದ ಪೊಟ್ಟಣಗಳು ಉಂಟಂತೆ." ಮತ್ತೊಂದು ದಿನ, "ಬೀಗ ಪಡೆಯಲಾಗಲಿಲ್ಲವಂತೆ, ಬೇರೆ ಯಾರೋ ಹಿಡಿದುಕೊಂಡಿದ್ದಾರಂತೆ. ಮನೆಯಲ್ಲಿ ಅದನ್ನು ಮುಟ್ಟುದು ನಾನೊಬ್ಬಳೇ ಮಾರಾಯ, ಯಾರು ಹಿಡಿಯುದು?" ನಾನು ಅವರ ಫೋನ್ ಬಂದರೆ ಮೊದಲ ರಿಂಗಿಗೆ ಎತ್ತುವುದನ್ನು ಬಿಟ್ಟೆ. ಎರಡನೆಯ ಶನಿವಾರ ತರಗತಿ ನಡೆಯಲೇ ಇಲ್ಲ.

ಮರುದಿನ ಗಲ್ಫಿನಿಂದ ನನ್ನ ಹಳೆಯ ಬೆಂಚಿನ ಗೆಳೆಯ ವಾಯ್ಸ್ ಮೆಸೇಜ್ ಕಳಿಸಿದ. "ನೋಡು ಮಾರಾಯ, ಇಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಶನಿವಾರ ಮಲಯಾಳಂ ಕ್ಲಾಸ್ ಶುರುವಾಗ್ತದೆ, ಸರಿಯಾಗಿ ಅದೇ ಹೊತ್ತಿಗೆ. ಟೀಚರದ್ದು ಇವತ್ತು ಉಂಟು ನಾಳೆ ಇಲ್ಲ ಅಂತ ಆದ್ರೆ ನಾವು ಎಂತ ಮಾಡುದು? ಮುಂದಿನ ವಾರವೂ ಹೀಗೇ ಆದ್ರೆ ಎಲ್ಲ ಅಲ್ಲಿಗೇ ಸೇರಿಸ್ತಾರೆ. ನೀನು ಟೀಚರಿಗೆ ಮೆಲ್ಲ ಹೇಳು."

ನಾನು ಮೆಲ್ಲ ಹೇಳಲು ಫೋನ್ ಮಾಡಿದರೆ ಅವರಿಗೆ ಆಗಲೇ ಗೊತ್ತಿತ್ತು. "ನನಗೆ ಎರಡು ತಿಂಗಳ ಕೆಲಸ ಬಾಕಿ ಉಂಟು" ಎಂದರು. "ಒತ್ತಕ್ಷರ ಮುಗಿದರೆ ಮತ್ತೆ ಅವರು ಯಾರೂ ಇಲ್ಲದೆ ಓದ್ತಾರೆ. ಈಗ ಬಿಟ್ಟರೆ ಕಲಿತದ್ದೂ ಹೋಗ್ತದೆ." ಅವರ ದನಿಯಲ್ಲಿ ಬೇಡಿಕೆ ಇತ್ತು. ಶಾಲೆಯಲ್ಲಿ ಯಾವತ್ತೂ ಕೇಳದ ದನಿ ಅದು. ಈ ಶನಿವಾರ ನಾನೇ ಬರುತ್ತೇನೆ ಎಂದೆ. ಅಂಗಡಿಗೆ ಬೀಗ ಹಾಕಿ ಉಪ್ಪಿನಂಗಡಿ ಮಾರ್ಗವಾಗಿ ಕಡಬದ ಬಸ್ಸು ಹಿಡಿದಾಗಲೂ ನನಗೆ ಸಿಟ್ಟೇ ಇತ್ತು. ಮೊದಲೇ ಹೇಳಿದಂತೆ ಮಾಡಿದ್ದರೆ ನಾನು ಬರಬೇಕಾಗಿರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಗೊಣಗುತ್ತಲೇ ಹೋದೆ.

ಎರಡೂವರೆಗೆ ತಲುಪಿದೆ. ತಮ್ಮನ ಹೆಂಡತಿ ಚಾ, ಗೋಳಿಬಜೆ ತಂದಿಟ್ಟರು. ಟೀಚರ್ ಲ್ಯಾಪ್‌ಟಾಪ್ ತಂದರು. ಅದಕ್ಕೆ ದಪ್ಪ ಬಟ್ಟೆಯ ಒಂದು ಚೀಲ ಹೊಲಿದಿದ್ದರು, ಅಂಚಿಗೆ ಕಸೂತಿ. ಚೀಲ ಎಷ್ಟು ಬಿಗಿ ಎಂದರೆ ಲ್ಯಾಪ್‌ಟಾಪನ್ನು ಎಳೆದು ಹೊರಗೆ ತೆಗೆಯಲು ಅವರಿಗೆ ಎರಡೂ ಕೈ ಬೇಕಾಯಿತು.

ಅರ್ಧಕ್ಕೆ ನಿಂತ ಅಪ್‌ಡೇಟನ್ನು ಸರಿಮಾಡಲು ನನಗೆ ಹದಿನೈದು ನಿಮಿಷ ಸಾಕಾಯಿತು. ಪರದೆ ಸರಿಯಾಗಿ ಬಂತು. ನಾನು ಗೋಳಿಬಜೆ ಬಾಯಿಗೆ ಹಾಕಿಕೊಂಡು ಗೆದ್ದವನಂತೆ ಹಿಂದಕ್ಕೆ ಒರಗಿದೆ. ಆದರೆ ವೈಫೈ ಇಲ್ಲ. ಮೂರೂವರೆಯಾಯಿತು. ಒಂದರ ಮೇಲೊಂದು ಪ್ರಯತ್ನ ಮಾಡಿದೆ. ನಾಲ್ಕಾಯಿತು. ಟೀಚರ್ ನಮಾಜಿಗೆ ಎದ್ದು ಹೋದರು. ನನಗೆ ಬೆವರು. ಏನು ಮಾಡಲೂ ತೋಚದೆ, ಮೂರು ವಾರದಿಂದ ಏನೇನು ಒತ್ತಿಸಿದ್ದೇನೆ ಎಂದಾದರೂ ನೋಡೋಣ ಎಂದು ಅವರ ನೋಟ್‌ಬುಕ್ಕು ತೆರೆದೆ.

ಮೊದಲ ಪುಟ, ಮೊದಲ ಬುಧವಾರ. ಮುತ್ತಿನಂಥ ಅಕ್ಷರದಲ್ಲಿ ಹೀಗಿತ್ತು:

ತಂತಿಯಿಲ್ಲದ ಜಾಲ.
ಮೆದು ತಡೆ: ಇಲ್ಲ.
ಗಟ್ಟಿ ತಡೆ: ಉಂಟು.

ಲಿನಕ್ಸ್ ಗೊತ್ತಿಲ್ಲದವರಿಗೂ ಇದನ್ನು ಬಿಡಿಸಿ ಹೇಳಬಹುದು. ವೈಫೈ ನಿಲ್ಲುವುದು ಎರಡು ಬಗೆಯಲ್ಲಿ. ಒಳಗಿನ ಯಾವುದೋ ಸೆಟ್ಟಿಂಗಿನಿಂದ ನಿಂತರೆ ಅದು ಮೆದು ತಡೆ. ಯಂತ್ರದ ಮೈಮೇಲಿರುವ ಸ್ವಿಚ್ಚನ್ನೇ ಯಾರೋ ಬಂದ್ ಮಾಡಿದ್ದರೆ ಅದು ಗಟ್ಟಿ ತಡೆ. ಗಟ್ಟಿ ತಡೆ ಉಂಟು ಎಂದರೆ ಬೇರೇನೂ ಬೇಡ, ಸ್ವಿಚ್ಚು ಹುಡುಕಿ ಸರಿಸಿದರಾಯಿತು. ಅಪ್‌ಡೇಟ್ ಬೇಡ, ಸುಡೊ ಬೇಡ, ಕಲ್ಲಿನ ಮೇಲೆ ಕೂರುವುದು ಬೇಡ. ನಾನು ಕೇಳಿದ ಮೊದಲ ಪ್ರಶ್ನೆಗೇ ಟೀಚರ್ ಸರಿಯುತ್ತರ ತಂದಿದ್ದರು.

ಲ್ಯಾಪ್‌ಟಾಪಿನ ಮುಂದಿನ ಅಂಚನ್ನು ಬೆರಳಿನಿಂದ ಸವರಿದೆ. ಕುಚ್ಚಲಕ್ಕಿಯ ಕಾಳಿನಷ್ಟು ಸಣ್ಣ ಸ್ವಿಚ್ಚು ಎಡಕ್ಕೆ ಸರಿದಿತ್ತು. ಬಲಕ್ಕೆ ತಳ್ಳಿದೆ. ಪರದೆಯ ಮೂಲೆಯಲ್ಲಿ ವೈಫೈ ಗೆರೆಗಳು ಮೂಡಿದವು.

ಆಗಲೂ ನನ್ನ ಸಿಟ್ಟು ಇಳಿಯಲಿಲ್ಲ ನೋಡಿ. ಟೀಚರ್ ಒಳಗಿನಿಂದ ಬಂದ ಕೂಡಲೇ, "ಈ ಚೀಲದಿಂದ ಎಳೆಯುವಾಗ ಸ್ವಿಚ್ಚು ಸರಿದದ್ದು. ಇಷ್ಟು ಬಿಗಿಯಾಗಿ ಯಾಕೆ ಹೊಲಿದ್ರಿ?" ಎಂದೆ.

"ಧೂಳು ತಾಗಬಾರದು ಅಂತ ನೀನೇ ಹೇಳಿದ್ದಲ್ಲವಾ?"

ನಾನು ಚೀಲವನ್ನು ಮಡಚಿ ಬದಿಗಿಟ್ಟೆ.

ಐದು ಗಂಟೆಗೆ ತರಗತಿ ತೆರೆಯಿತು. ಟೀಚರ್ ಸೆರಗು ಸರಿಮಾಡಿಕೊಂಡು ಹಾಜರಿ ಪುಸ್ತಕ ಬಿಡಿಸಿದರು. ಅವರು ಮಕ್ಕಳನ್ನು ಹಾಜರಿಯಲ್ಲಿ ಕರೆಯುವುದು ನಂಬರಿನಿಂದ. ಒಂದು. ಬಂದಿದ್ದೇನೆ ಟೀಚರ್. ಎರಡು. ಬಂದಿದ್ದೇನೆ ಟೀಚರ್. ಮೂರು, ನಾಲ್ಕು. ಐದು ಎಂದರು. ಪರದೆಯಲ್ಲಿ ನಾಲ್ಕೇ ಮುಖಗಳಿದ್ದವು, ಅದು ಅವರಿಗೂ ಕಾಣುತ್ತಿತ್ತು. ಆದರೂ ಇನ್ನೊಮ್ಮೆ ಐದು ಎಂದರು. ಆಮೇಲೆ ಆರು ಎಂದು ಎರಡು ಸಲ ಕರೆದು, ಪೆನ್ನು ಕೆಳಗಿಟ್ಟರು. ಐದನೆಯ ನಂಬರು ನನ್ನ ಬೆಂಚಿನ ಗೆಳೆಯನ ಮಗಳು.

"ಹೋದ ವಾರ ಯಾಕೆ ಕ್ಲಾಸ್ ಇರಲಿಲ್ಲ ಟೀಚರ್?" ಎಂದು ಒಬ್ಬ ಕೇಳಿದ.

"ಯಂತ್ರಕ್ಕೆ ಸೌಖ್ಯ ಇರಲಿಲ್ಲ ಮಗಾ. ಪುಸ್ತಕ ತೆಗೆಯಿರಿ" ಎಂದರು.

ನಾನು ಹೊರಗೆ ಹೋಗಿ ಒಗೆಯುವ ಕಲ್ಲಿನ ಹತ್ತಿರ ನಿಂತು ಗೆಳೆಯನಿಗೆ ಬರೆದೆ. ತಪ್ಪು ಟೀಚರದ್ದಲ್ಲ, ನನ್ನದು, ಇನ್ನು ತೊಂದರೆ ಆಗುವುದಿಲ್ಲ, ಮಗಳನ್ನು ಕಳಿಸು ಎಂದೆ. ಕೂಡಲೇ ಉತ್ತರ ಬಂತು. "ಬೇಜಾರು ಮಾಡಬೇಡ, ಇವತ್ತೇ ಸೇರಿಸಿ ಆಯ್ತು. ಅವಳಿಗೆ ಅಲ್ಲಿ ಫ್ರೆಂಡ್ಸ್ ಸಿಕ್ಕಿದ್ದಾರೆ. ಇನ್ನು ತೆಗೆದರೆ ಅಳ್ತಾಳೆ."

ಒಂದು ಗಂಟೆಯ ಪಾಠ ಮುಗಿದ ಮೇಲೆ ಅದನ್ನು ಟೀಚರಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿದರು. ನನಗೆ ಹೇಳದೆ ಇರಲು ಆಗಲಿಲ್ಲ. "ನೀವು ಮೊದಲ ದಿನವೇ ಸರಿಯಾಗಿ ಹೇಳಿದ್ರಿ ಟೀಚರ್. ನಾನು ಕೇಳಲಿಲ್ಲ. ಆ ಇಬ್ಬರು ಮಕ್ಕಳು ಹೋದದ್ದು ನನ್ನಿಂದ."

ಛೇ ಹಾಗೆಲ್ಲ ಇಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ.

"ಹೌದು" ಎಂದರು, "ನಿನ್ನಿಂದಲೇ."

ಲ್ಯಾಪ್‌ಟಾಪ್ ಮುಚ್ಚಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು. "ಮೊದಲ ದಿನ ಸೇರಿಸುವಾಗಲೇ ಆ ಹುಡುಗಿಯ ಅಪ್ಪ ಕೇಳಿದ್ದ. ಈಗಿನ ಕಾಲದಲ್ಲಿ ಕನ್ನಡದಲ್ಲಿ ಹೇಳಿದ್ರೆ ಯಾರು ಕೇಳ್ತಾರೆ ಟೀಚರ್ ಅಂತ. ಅದಕ್ಕೆ, ಯಾಕೆ, ಪುತ್ತೂರಿನಲ್ಲಿ ನಿನ್ನ ಬೆಂಚಿನವನೇ ಇದ್ದಾನಲ್ಲ, ಕಂಪ್ಯೂಟರಿನವನು, ನಾನು ಕನ್ನಡದಲ್ಲಿ ಹೇಳಿದ್ರೆ ಅವನಿಗೆ ಎಲ್ಲ ಗೊತ್ತಾಗ್ತದೆ ಅಂತ ನಾನು ಹೇಳಿದ್ದೆ."